ಅಪ್ಪನ ಅಂಗಡಿ, ನನ್ನ ಚಿಪ್ಪು

ಪೀಣ್ಯದ ಹತ್ತಿರ ದಾಸರಹಳ್ಳಿಯಲ್ಲಿ ಅಪ್ಪನದೊಂದು ಟಿವಿ ರಿಪೇರಿ ಅಂಗಡಿ. ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಡಿಟಿಎಚ್ ಬಾಕ್ಸಿನ ಟ್ಯೂನರ್ ಚಿಪ್ಪುಗಳನ್ನು ಟೆಸ್ಟ್ ಮಾಡುವವಳು. ಮಗಳೂ ನಮ್ಮ ಲೈನೇ ಅಂತ ಅಪ್ಪ ಬಂದವರಿಗೆಲ್ಲ ಹೇಳೋರು. ನಾನು ಸುಮ್ಮನಿರುತ್ತಿದ್ದೆ. ಯಾಕಂದ್ರೆ ನಮ್ಮ ಚಿಪ್ಪಿನ ಹೆಚ್ಚುಗಾರಿಕೆಯೇ ಅದರಲ್ಲಿ ಅಪ್ಪನಂಥವರು ತಿರುಗಿಸಿ ಸರಿಮಾಡುವಂಥದ್ದು ಏನೂ ಇಲ್ಲ ಅನ್ನೋದು.

1981ರಲ್ಲಿ ಬೆಂಗಳೂರು ದೂರದರ್ಶನ ಶುರುವಾದ ಮೇಲೆ ಕೆಲಸ ಕಲಿತವರು ಅಪ್ಪ. ಕಟಕಟ ಅಂತ ತಿರುಗುವ ಚಾನೆಲ್ ನಾಬು, ತಗಡಿನ ಡಬ್ಬಿಯೊಳಗೆ ಸಣ್ಣ ಸಣ್ಣ ಕಾಯಿಲ್‌ಗಳು. ಯಾವ ಚಾನೆಲ್ ಬಂದರೂ ಟ್ಯೂನರ್ ಅದನ್ನು ಮೊದಲು 38.9 ಮೆಗಾಹರ್ಟ್ಸ್‌ಗೆ ಇಳಿಸಬೇಕು, ಆಮೇಲೆ ಚಿತ್ರ. ಪ್ಲಾಸ್ಟಿಕ್ ಕಡ್ಡಿಯಿಂದ ಕಾಯಿಲ್ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಅಪ್ಪ ಚಿತ್ರ ನಿಲ್ಲಿಸುತ್ತಿದ್ದರು. ಆ ಕಡ್ಡಿಯನ್ನು ನಮಗ್ಯಾರಿಗೂ ಮುಟ್ಟೋಕೆ ಬಿಡುತ್ತಿರಲಿಲ್ಲ.

ಹೋದ ಮಳೆಗಾಲದಲ್ಲಿ ಅತ್ತೆಯ ಮನೆಯ ಬಾಕ್ಸ್ ಅಂಗಡಿಗೆ ಬಂತು. ಅರ್ಧ ಚಾನೆಲ್ ಬರುತ್ತೆ, ಅರ್ಧ ಇಲ್ಲ. ಅತ್ತೆಯ ಧಾರಾವಾಹಿ ಆ ಇಲ್ಲದ ಅರ್ಧದಲ್ಲಿತ್ತು, ಅದಕ್ಕೇ ಇಷ್ಟು ಅವಸರ. ಭಾನುವಾರ, ನಾನೂ ಅಂಗಡಿಯಲ್ಲಿದ್ದೆ. ಅಪ್ಪ ಟ್ಯೂನರಿನ ತಗಡು ಮುಚ್ಚಳ ತೆಗೆದು ಕನ್ನಡಕ ಏರಿಸಿದರು. ಒಳಗೆ ಉಗುರಿಗಿಂತ ಚಿಕ್ಕ ಕರಿ ಚಿಪ್ಪು, ಸುತ್ತ ಸಾಸಿವೆಯಂಥ ಬಿಡಿಭಾಗಗಳು.

"ಐಎಫ್ ಎಲ್ಲಮ್ಮಾ?"

ಇಲ್ಲ ಅಂದೆ. ಛಾವಣಿಯ ಡಿಶ್ ಮುಂದಿನ ಎಲ್‌ಎನ್‌ಬಿ ಉಪಗ್ರಹದ ಸಿಗ್ನಲ್ಲನ್ನು 950ರಿಂದ 2150 ಮೆಗಾಹರ್ಟ್ಸ್‌ಗೆ ಇಳಿಸಿ ಕೇಬಲ್ಲಿಗೆ ಕೊಡುತ್ತೆ. ಹಳೇ ಉಪಗ್ರಹ ಟ್ಯೂನರುಗಳು ಅದನ್ನು ಇನ್ನೊಮ್ಮೆ 479.5ಕ್ಕೆ ಇಳಿಸಿ, ಸೋಸಿ, ಮುಂದೆ ಕಳಿಸುತ್ತಿದ್ದವು. ದಾಸರಹಳ್ಳಿಯಿಂದ ಬಂದು ಮೆಜೆಸ್ಟಿಕ್‌ನಲ್ಲಿ ಬಸ್ ಬದಲಿಸಿ ಎಲೆಕ್ಟ್ರಾನಿಕ್ ಸಿಟಿಗೆ ಹೋದ ಹಾಗೆ. ನಮ್ಮದು ಡೈರೆಕ್ಟ್ ಬಸ್, ನೇರ ಸೊನ್ನೆಗೇ ಇಳಿಸುತ್ತೆ. ಸೋಸುವ ಫಿಲ್ಟರ್ ಚಿಪ್ಪಿನೊಳಗೇ, ಅದನ್ನು ಹೊಂದಿಸೋದು ಸಾಫ್ಟ್‌ವೇರ್.

"ಹಾಗಾದ್ರೆ ಮೊದಲೇ ಯಾಕೆ ಹೀಗೆ ಮಾಡ್ಲಿಲ್ಲ?"

ನಾನು ಹೆದರುತ್ತಿದ್ದ ಪ್ರಶ್ನೆಯಲ್ಲ ಅದು, ನನಗಿಷ್ಟವಾದ ಪ್ರಶ್ನೆ. ಚಿಪ್ಪಿನೊಳಗಿನ ಆಸಿಲೇಟರ್ ಹಿಡಿಯಬೇಕಾದ ಚಾನೆಲ್ಲಿನ ಫ್ರೀಕ್ವೆನ್ಸಿಯಲ್ಲೇ ಓಡುತ್ತೆ. ಅದು ಒಂಚೂರು ಸೋರಿ ಬಾಗಿಲಿಗೆ ಬಂದು, ಮತ್ತೆ ಒಳಗೆ ಹೋಗಿ ತನ್ನ ಜೊತೆಗೇ ಸೇರಿಕೊಂಡರೆ ಸಿಗ್ನಲ್ಲಿನ ನಟ್ಟನಡುವೆ ಒಂದು ಸುಳ್ಳು ಡಿಸಿ ವೋಲ್ಟೇಜ್ ಕೂರುತ್ತೆ. ಕಿರಿದಾದ ಸಿಗ್ನಲ್ಲಿಗೆ ಅದು ದೊಡ್ಡ ತೊಂದರೆ. ಉಪಗ್ರಹ ಟಿವಿಯ ಸಿಗ್ನಲ್ ಸುಮಾರು 30 ಮೆಗಾಹರ್ಟ್ಸ್ ಅಗಲ. ನಡುವಿನ ಎಳೆಯಷ್ಟನ್ನು ಕತ್ತರಿಸಿ ಬಿಸಾಕಿದರೂ ಚಿತ್ರಕ್ಕೆ ನಷ್ಟವಿಲ್ಲ. ಅದಕ್ಕೇ ಈ ದಾರಿ ಇಲ್ಲಿ ಚೆನ್ನಾಗಿ ಒಗ್ಗಿತು.

ಅಪ್ಪ ತಲೆಯಾಡಿಸಿದರು. ಆಮೇಲೆ, "ಅಂದ್ರೆ ನನ್ನ ಕಡ್ಡಿಗೆ ಕೆಲಸ ಇಲ್ಲ" ಅಂದರು. ನಗುತ್ತಲೇ ಅಂದಿದ್ದು. ನನಗೆ ನಗು ಬರಲಿಲ್ಲ.

ಚಿಪ್ಪೇ ಹೋಗಿರಬೇಕು, ಬೋರ್ಡ್ ಬದಲಿಸೋದೇ ಸರಿ ಅಂದುಬಿಟ್ಟೆ. ಆರು ವರ್ಷ ಚಿಪ್ಪುಗಳನ್ನೇ ನೋಡಿದ್ದಕ್ಕೆ ಎಲ್ಲ ಕಾಯಿಲೆಯೂ ಅಲ್ಲೇ ಕಾಣುತ್ತೆ. ಅಪ್ಪ ಮಾತಾಡದೆ ಮಲ್ಟಿಮೀಟರ್ ತಗೊಂಡು ಕೇಬಲ್ ಸಿಕ್ಕಿಸುವ ಕಡೆ ಹಿಡಿದರು. ಬಾಕ್ಸು ಎಲ್‌ಎನ್‌ಬಿಗೆ ಅದೇ ಕೇಬಲ್ಲಿನಲ್ಲಿ ಕರೆಂಟು ಕೊಡುತ್ತೆ. 13 ವೋಲ್ಟ್ ಕೊಟ್ಟರೆ ಲಂಬ ಧ್ರುವೀಕರಣದ ಚಾನೆಲ್‌ಗಳು, 18 ಕೊಟ್ಟರೆ ಅಡ್ಡದವು. ಬರುವ ಚಾನೆಲ್ ಇಟ್ಟರು, 13 ಸರಿಯಾಗಿತ್ತು. ಅತ್ತೆಯ ಚಾನೆಲ್ ಇಟ್ಟರು. ಮೀಟರು 14 ದಾಟಲಿಲ್ಲ.

ಪವರ್ ಸಪ್ಲೈನಲ್ಲಿ ಒಂದು ಕೆಪಾಸಿಟರ್‌ನ ತಲೆ ಉಬ್ಬಿತ್ತು. 25 ವೋಲ್ಟಿನದನ್ನು ಕಿತ್ತು 35ರದು ಹಾಕಿದರು. ಕಾಲು ಗಂಟೆ ಕೆಲಸ. ಚಾನೆಲ್‌ಗಳೆಲ್ಲ ಬಂದವು. ಅತ್ತೆಯ ಹತ್ತಿರ ದುಡ್ಡು ತಗೊಳ್ಳೋ ಹಾಗಿಲ್ಲವಲ್ಲ, ಅವರು ಕೊಟ್ಟಿದ್ದು ಚಕ್ಕುಲಿ.

ಮುಚ್ಚಳದ ಸ್ಕ್ರೂ ಬಿಗಿಮಾಡುತ್ತಾ ಅಪ್ಪ ಕೇಳಿದರು, "ಆಸಿಲೇಟರ್ ಸೋರುತ್ತೆ ಅಂದ್ಯಲ್ಲ, ಅಷ್ಟು ಸಣ್ಣದ್ರಲ್ಲಿ ಅದನ್ನ ಹೇಗಮ್ಮಾ ಅಳೀತೀರಿ?"

ಬಿಲ್ ಪುಸ್ತಕದ ಹಿಂದೆ ಚಿತ್ರ ಬಿಡಿಸೋಕೆ ಶುರುಮಾಡಿದೆ. ಅಂಗಡಿ ಬಾಗಿಲು ಹಾಕುವಾಗ ಒಂಬತ್ತೂವರೆ.