ಗಾಣದೆತ್ತಿನ ನಡಿಗೆ

‘ನಿಧಾನ’ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಆಡುಮಾತಿನಲ್ಲಿ ಅದು ಅವಸರವಿಲ್ಲದ ಗತಿ. ಹಳಗನ್ನಡ ಗ್ರಂಥಗಳಲ್ಲಿಯೂ ವಚನಗಳಲ್ಲಿಯೂ ಅದು ನೆಲದೊಳಗೆ ಹುದುಗಿದ ನಿಧಿ. ಎರಡು ಅರ್ಥಗಳು ಒಂದೇ ಪದದಲ್ಲಿ ಹೇಗೆ ನೆಲೆಸಿದವೆಂಬುದನ್ನು ಪಂಡಿತರು ಚರ್ಚಿಸಲಿ. ಹಾವೇರಿ ಸೀಮೆಯ ಹಳ್ಳಿಯೊಂದರಲ್ಲಿ ನಿವೃತ್ತ ವಿದ್ಯುತ್ ಕೆಲಸಗಾರರೊಬ್ಬರು ಈ ಪದವನ್ನು ಒಂದು ತಿಂಗಳ ಕಾಲ ಹಿಡಿದು ಕುಳಿತದ್ದು ಎರಡು ಸೆಲ್ಲಿನ ಆಟಿಕೆ ಮೋಟರಿನ ಮುಂದೆ.

ಮೊಮ್ಮಗಳ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನವಿತ್ತು. ಎತ್ತಿನ ಗಾಣದ ಮಾದರಿಯೊಂದನ್ನು ಮಾಡಿಕೊಡಬೇಕೆಂದು ಆಕೆ ಕೇಳಿದಳು. ಅಜ್ಜ ತೇಗದ ತುಂಡಿನಿಂದ ಒರಳು ಕೆತ್ತಿದರು, ಅದರೊಳಗೆ ತಿರುಗುವ ಕಂಬ ಮಾಡಿದರು, ನೊಗ ಹೂಡಿದರು, ಹಗುರವಾದ ಮರದಲ್ಲಿ ಎತ್ತನ್ನು ಕಡೆದರು. ಒರಳಿನ ಕೆಳಗೆ ಮೋಟರನ್ನು ಕೂರಿಸಿ ಗುಂಡಿ ಒತ್ತಿದರು. ಎತ್ತು ಕಣ್ಣಿಗೆ ಕಾಣದಾಯಿತು. ಮರುಕ್ಷಣ ಗೋಡೆಗೆ ಬಡಿದು ಒಂದು ಕೊಂಬು ಮುರಿಯಿತು. “ಅಜ್ಜಾ, ಎತ್ತು ಹಾರಿಹೋತು!” ಎಂದು ಮಗು ನಕ್ಕಿತು. ಅಜ್ಜನಿಗೆ ನಗೆ ಬರಲಿಲ್ಲ.

ಅದಕ್ಕೆ ಕಾರಣವಿತ್ತು. ಅವರ ತಂದೆಯವರದು ಗಾಣದ ಕಾಯಕ. ಶೇಂಗಾ, ಕುಸುಬಿ, ಎಳ್ಳು ಹಿಂಡಿ ನಾಲ್ಕಾರು ಹಳ್ಳಿಗೆ ಎಣ್ಣೆ ಕೊಟ್ಟ ಮನೆ ಅದು. ಐ.ಟಿ.ಐ. ಮುಗಿಸಿ ಬಂದ ಮಗ ಹೊಸ ಎಣ್ಣೆ ಗಿರಣಿಯಲ್ಲಿ ಮೋಟರು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. “ಅಪ್ಪಾ, ಇದು ಬಾಳ ನಿಧಾನ, ಎತ್ತು ಮಾರಿಬಿಡೋಣು” ಎಂದು ಮೊದಲು ಹೇಳಿದವನೂ ಅವನೇ. ತಂದೆ ವಾದಿಸಲಿಲ್ಲ. “ಅವಸರ ಮಾಡಿದ್ರ ಎಣ್ಣಿ ಕಾಯ್ತೈತಿ ತಮ್ಮಾ” ಎಂದಷ್ಟೇ ಹೇಳಿ, ಮುಂದಿನ ಸಂತೆಗೆ ಎತ್ತನ್ನು ಹೊಡೆದುಕೊಂಡು ಹೋದರು. ಐವತ್ತು ವರ್ಷಗಳ ಮೇಲೆ, ಅದೇ ಮಗ ಒಂದು ಎತ್ತನ್ನು ನಿಧಾನವಾಗಿ ನಡೆಸಲು ಹೆಣಗುತ್ತಿದ್ದರು.

ಈ ಪುಟ್ಟ ಮೋಟರು 3 ವೋಲ್ಟಿನಲ್ಲಿ, ಹೊರೆಯಿಲ್ಲದಿದ್ದರೆ, ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಮೊದಲು ಯಾರಿಗೂ ಹೊಳೆಯುವ ಉಪಾಯವೆಂದರೆ ದಾರಿಯಲ್ಲಿ ಒಂದು ರೋಧಕವನ್ನಿಟ್ಟು ವಿದ್ಯುತ್ತನ್ನು ತಗ್ಗಿಸುವುದು. ಅವರೂ 10 ಓಮಿನ ರೋಧಕವನ್ನು ಬೆಸೆದರು. ಎತ್ತು ಅಲುಗಲೇ ಇಲ್ಲ. ಬೆರಳಿನಿಂದ ತಳ್ಳಿದರೆ ಓಡುತ್ತಿತ್ತು, ಎಲ್ಲಿಯಾದರೂ ತುಸು ತೊಡಕಾದರೆ ನಿಂತುಬಿಡುತ್ತಿತ್ತು. ಕಾರಣ ಸರಳ. ಮೋಟರಿನ ತಿರುಚುಬಲ ಅದರಲ್ಲಿ ಹರಿಯುವ ಪ್ರವಾಹವನ್ನು ಅವಲಂಬಿಸಿದೆ. ಅದರ ಸುರುಳಿಯ ರೋಧ ಒಂದೂವರೆ ಓಮಿನಷ್ಟು. ಅದಕ್ಕೆ ಹತ್ತು ಕೂಡಿದರೆ ಹೊರಡುವ ಗಳಿಗೆಯಲ್ಲಿ ಸಿಗುವ ಪ್ರವಾಹವೂ ಬಲವೂ ಮೊದಲಿನದರ ಎಂಟನೆಯ ಒಂದು ಪಾಲು ಮಾತ್ರ. ಹೊರೆ ಹೆಚ್ಚಿದಂತೆ ಮೋಟರು ಹೆಚ್ಚು ಪ್ರವಾಹ ಬೇಡುತ್ತದೆ. ಬೇಡಿದಷ್ಟೂ ರೋಧಕವೇ ವೋಲ್ಟೇಜನ್ನು ನುಂಗುತ್ತದೆ. ಅವರು ತಗ್ಗಿಸಿದ್ದು ವೇಗವನ್ನಲ್ಲ, ಎತ್ತಿನ ಮೇವನ್ನು.

ಓಣಿಯ ಡಿಪ್ಲೊಮಾ ಹುಡುಗನೊಬ್ಬ 555 ಎಂಬ ಐ.ಸಿ.ಯ ಮಂಡಲವನ್ನು ಮಾಡಿಕೊಟ್ಟ. ಅದು ಸೆಕೆಂಡಿಗೆ ನೂರಾರು ಸಲ ವಿದ್ಯುತ್ತನ್ನು ಹಾಯಿಸಿ ತಡೆಯುತ್ತದೆ. ಪ್ರತಿ ಸಲವೂ ಪೂರ್ಣ ವೋಲ್ಟೇಜೇ ಸಿಗುವುದರಿಂದ ಮೋಟರು ಹೊರಡಲು ಅಂಜುವುದಿಲ್ಲ. ಒಳ್ಳೆಯ ಉಪಾಯವೇ. ಆದರೆ ವೇಗವನ್ನು ಮೂರನೆಯ ಒಂದು ಪಾಲಿಗೋ ನಾಲ್ಕನೆಯ ಒಂದು ಪಾಲಿಗೋ ಇಳಿಸಬಹುದು, ಎರಡು ಸಾವಿರದ ಒಂದು ಪಾಲಿಗಲ್ಲ.

ಅಷ್ಟರಲ್ಲಿ ಮೊಮ್ಮಗಳೇ ಕೇಳಿದಳು: “ಅಜ್ಜಾ, ಖರೇ ಎತ್ತು ಎಷ್ಟು ಸಾವಕಾಶ ನಡೀತಿತ್ತು?”

ಅವರ ಬಳಿ ಉತ್ತರವಿರಲಿಲ್ಲ. ಎತ್ತಿನ ಹಿಂದೆ ಬಾಲ್ಯವೆಲ್ಲ ಸುತ್ತಿದವರು, ಆದರೆ ಅಳೆದವರಲ್ಲ. ಅವರೆದ್ದು ಅಂಗಳದ ನಡುವೆ ಗೂಟ ನೆಟ್ಟು, ಎರಡೂವರೆ ಮೀಟರಿನ ಹಗ್ಗ ಕಟ್ಟಿ, ಅದರ ತುದಿ ಹಿಡಿದು ನಡೆಯತೊಡಗಿದರು. ಮೊದಲ ಸುತ್ತು ಮನುಷ್ಯನ ನಡಿಗೆಯಾಯಿತು. ಎರಡನೆಯ ಸುತ್ತಿನಲ್ಲಿ ಕಣ್ಣು ಮುಚ್ಚಿಕೊಂಡರು. ಗಾಣದ ಎತ್ತಿಗೂ ಕಣ್ಣು ಕಟ್ಟುವುದುಂಟಷ್ಟೆ. ಮೂರನೆಯ ಸುತ್ತಿಗೆ ಕಾಲುಗಳು ತಾವಾಗಿಯೇ ನೆನಪಿಸಿಕೊಂಡವು. ಒರಳಿನ ಕಿರುಗುಟ್ಟುವಿಕೆ, ಹಿಂಡಿಯ ವಾಸನೆ, ತಂದೆಯ ಒಣಗೆಮ್ಮು, ಎಲ್ಲವೂ ಆ ಹೆಜ್ಜೆಯ ಅಂತರದಲ್ಲಿದ್ದವು. ಮಗು ಗಡಿಯಾರ ನೋಡಿ ಹೇಳಿತು: ಸುತ್ತಿಗೆ 18 ಸೆಕೆಂಡು. ಅವರು ಮತ್ತೂ ನಾಲ್ಕು ಸುತ್ತು ನಡೆದರು. ಅಳತೆಗೆ ಅದರ ಅಗತ್ಯವಿರಲಿಲ್ಲ.

ಇನ್ನು ಲೆಕ್ಕ ಸುಲಭ. ನಿಮಿಷಕ್ಕೆ ಮೂರು ಸುತ್ತಿಗಿಂತ ತುಸು ಹೆಚ್ಚು. ಇದಕ್ಕೆ ಹಲ್ಲಿನ ಗಾಲಿಯೇ ದಾರಿ. ಸ್ಕ್ರೂವಿನಂತೆ ಸುರುಳಿ ಹಲ್ಲಿರುವ ಸಣ್ಣ ದಂಡವೊಂದು 40 ಹಲ್ಲಿನ ಗಾಲಿಯನ್ನು ತಿರುಗಿಸುವ ವರ್ಮ್ ಗಿಯರಿನಲ್ಲಿ, ದಂಡ ಒಂದು ಸುತ್ತು ಬಂದರೆ ಗಾಲಿ ಒಂದೇ ಹಲ್ಲು ಸರಿಯುತ್ತದೆ. ಇಂಥ ಎರಡು ಜೋಡಿಗಳನ್ನು ಒಂದರ ಹಿಂದೊಂದು ಕೂರಿಸಿದರೆ 40ನ್ನು 40ರಿಂದ ಗುಣಿಸಿ 1600. ಹೊರೆಯಲ್ಲಿ ಎಂಟು ಸಾವಿರ ಸುತ್ತುವ ಮೋಟರು ಕಂಬವನ್ನು ಐದೇ ಸುತ್ತು ತಿರುಗಿಸುತ್ತದೆ. ಘರ್ಷಣೆ ಸಾಕಷ್ಟು ಬಲವನ್ನು ತಿನ್ನುತ್ತದೆ, ನಿಜ; ಆದರೂ ಉಳಿದ ಬಲ ಮೊದಲಿನದಕ್ಕಿಂತ ನೂರಾರು ಪಟ್ಟು. ವೇಗವನ್ನು ಗಿಯರಿಗೆ ಒಪ್ಪಿಸಿದರೆ ಅದು ಬಲವಾಗಿ ಮರಳುತ್ತದೆ, ರೋಧಕಕ್ಕೆ ಒಪ್ಪಿಸಿದರೆ ಬಿಸಿಯಾಗಿ ಹೋಗುತ್ತದೆ. ಐದರಿಂದ ಮೂರಕ್ಕೆ ಇಳಿಸುವ ಕೊನೆಯ ಹೆಜ್ಜೆಗೆ ಆ ಹುಡುಗನ 555 ಒದಗಿತು. ಪಾಪ, ಅವನ ಶ್ರಮ ವ್ಯರ್ಥವಾಗಲಿಲ್ಲ.

ಈಗ ನಗರಗಳಲ್ಲಿ ಮರದ ಗಾಣದ ಎಣ್ಣೆಗೆ ಮತ್ತೆ ಬೇಡಿಕೆ ಬಂದಿದೆ. ಅಲ್ಲಿ ಎಷ್ಟೋ ಕಡೆ ಎತ್ತಿಲ್ಲ; ನಿಮಿಷಕ್ಕೆ 1440 ಸುತ್ತಿನ ಮೋಟರನ್ನು ಗಿಯರ್ ಪೆಟ್ಟಿಗೆಯಿಂದ ಹತ್ತು ಹದಿನೈದು ಸುತ್ತಿಗೆ ಇಳಿಸುತ್ತಾರೆ, ಎಣ್ಣೆ ಕಾಯಬಾರದೆಂದು. ಮಗ ಗಿರಣಿಗೆ ಸೇರಿದ ದಿನ ಈ ಉಪಾಯ ತಿಳಿದಿದ್ದರೆ ಎತ್ತು ಉಳಿಯುತ್ತಿರಲಿಲ್ಲ, ಗಾಣವಾದರೂ ಉಳಿಯುತ್ತಿತ್ತೇನೋ.

ಪ್ರದರ್ಶನದ ದಿನ ಪಕ್ಕದ ಮೇಜಿನಲ್ಲಿ ಗಾಳಿಯಂತ್ರ ಗಿರ್ರನೆ ತಿರುಗುತ್ತಿತ್ತು. ಮಕ್ಕಳೆಲ್ಲ ಅಲ್ಲಿ ಸೇರಿದ್ದರು. ಗಾಣದ ಮುಂದೆ ನಿಂತ ಗುರುಗಳೊಬ್ಬರು “ಸೆಲ್ಲು ಮುಗಿದಿದೆಯೇನಮ್ಮಾ?” ಎಂದು ಕೇಳಿದರು. “ಇಲ್ಲ ಸರ್, ನಡೀಲಿಕ್ಕತ್ತೈತಿ, ನೋಡ್ರಿ” ಎಂದಳು ಮೊಮ್ಮಗಳು. ಅವರು ಬಗ್ಗಿ ನೋಡಿದರು. ಒಂಟಿ ಕೊಂಬಿನ ಎತ್ತು ಒಂದು ಸುತ್ತು ಮುಗಿಸುವವರೆಗೂ ಬಗ್ಗಿಯೇ ಇದ್ದರು.

ಸಂಜೆ ಮನೆಯಲ್ಲಿ ಆಕೆ ಒರಳಿಗೆ ಒಂದು ಹಿಡಿ ಎಳ್ಳು ಹಾಕಿ ಕೇಳಿದಳು: “ಎಣ್ಣಿ ಯಾವಾಗ ಬರತೈತಿ ಅಜ್ಜಾ?”

“ನಮ್ಮಪ್ಪಗ ಒಂದು ಗಾಣಕ್ಕ ಎರಡು ತಾಸು ಹಿಡೀತಿತ್ತವ್ವಾ.”

ಆಕೆ ಆಡಲು ಓಡಿದಳು. ಅವರು ಅಲ್ಲಿಯೇ ಕುರ್ಚಿ ಎಳೆದುಕೊಂಡು ಕುಳಿತರು.