ಉಕ್ಕಿನ ಒಡಲು ಹೊಕ್ಕ ಜಲಜನಕ

‘ಉಕ್ಕು’ ಎಂಬುದು ಅಚ್ಚಗನ್ನಡದ ಮಾತು. ಕ್ರಿಯಾಪದವಾದಾಗ ಅದು ಮೇಲೆದ್ದು ಹೊರಹೊಮ್ಮುವುದನ್ನು ಹೇಳುತ್ತದೆ. ನಾಮಪದವಾದಾಗ ಬಗ್ಗದ ಗಟ್ಟಿತನವನ್ನು ಸೂಚಿಸುತ್ತದೆ. ದಕ್ಷಿಣ ಭಾರತದ ಉಕ್ಕನ್ನು ಪಾಶ್ಚಾತ್ಯರು ಕರೆದ ‘ವೂಟ್ಸ್’ ಎಂಬ ಹೆಸರು ಈ ಪದದಿಂದಲೇ ಹುಟ್ಟಿತೆಂಬುದು ಹಲವು ವಿದ್ವಾಂಸರ ಮತ.

ಆ ಮಾತಿನ ಹಿಂದೆ ಕಾಯಕದ ಬೆವರೂ ಇದೆ. 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಧುಗಿರಿ ಹಾಗೂ ಈಗ ಕೊರಟಗೆರೆ ತಾಲ್ಲೂಕಿಗೆ ಸೇರಿರುವ ಚನ್ನರಾಯನದುರ್ಗದ ಸುತ್ತ, ಮಳೆಗಾಲದ ತೊರೆಗಳು ಬೆಟ್ಟದಿಂದ ಹೊತ್ತು ತಂದ ಕಪ್ಪು ಮರಳನ್ನು ಕಾಸಿ ಕಬ್ಬಿಣ ತೆಗೆಯುತ್ತಿದ್ದುದನ್ನು ವರ್ಣಿಸಿದ್ದಾನೆ. ಉಕ್ಕು ಮಾಡುವವರು ಕಬ್ಬಿಣದ ತುಂಡನ್ನು ತಂಗಡಿಯ ಕಡ್ಡಿಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮೆತ್ತಿ, ತಿದಿಯೊತ್ತಿ ಕಾಯಿಸುತ್ತಿದ್ದರು. ಕಡ್ಡಿಯ ಇಂಗಾಲವು ಕಬ್ಬಿಣದಲ್ಲಿ ಹದವಾಗಿ ಬೆರೆತು ಅದು ಉಕ್ಕಾಗುತ್ತಿತ್ತು.

ಒಳಹೊಕ್ಕ ಇಂಗಾಲ ಬಲವನ್ನಿತ್ತಿತು. ಆದರೆ ಒಳಹೊಕ್ಕುವುದೆಲ್ಲವೂ ಹಿತಕಾರಿಯಲ್ಲ. ಜಲಜನಕದ ಪರಮಾಣು ಬಹಳ ಕಿರಿದು. ಉಕ್ಕನ್ನು ಆಮ್ಲದಲ್ಲಿ ತೊಳೆಯುವಾಗ, ಲೋಹಲೇಪ ಕೊಡುವಾಗ, ತೇವದಲ್ಲಿ ತುಕ್ಕು ಹಿಡಿಯುವಾಗ ಅದು ಕಬ್ಬಿಣದ ಪರಮಾಣುಗಳ ನಡುವಣ ಸಂದಿಗಳಲ್ಲಿ ನುಸುಳುತ್ತದೆ. ಹರಳಿನ ಅಂಚು, ಸಾಲು ತಪ್ಪಿದ ಎಡೆ, ಸೂಕ್ಷ್ಮ ಪೊಳ್ಳು, ಇವೇ ಅದು ಸಿಕ್ಕಿಬೀಳುವ ತಾಣಗಳು. ಭಾರ ಬಿದ್ದಾಗ, ಅಲೆದಾಡಬಲ್ಲ ಜಲಜನಕವು ಹೆಚ್ಚು ಸೆಳೆತವಿರುವ ಜಾಗಕ್ಕೆ ಹರಿದು ಬಂದು ಗುಂಪುಗೂಡುತ್ತದೆ. ಅಲ್ಲಿ ಲೋಹದ ಬಂಧ ಸಡಿಲವಾಗಿ ಬಿರುಕು ಮೂಡುತ್ತದೆ. ಬಾಗಬೇಕಾದ ಉಕ್ಕು ಮಡಕೆಯಂತೆ ಒಡೆಯುತ್ತದೆ.

ಆಂಗ್ಲೇಯನಾದ ವಿಲಿಯಂ ಜಾನ್ಸನ್ 1875ರಲ್ಲಿಯೇ, ಆಮ್ಲದಲ್ಲಿ ಅದ್ದಿದ ಕಬ್ಬಿಣ ಸ್ವಲ್ಪ ಕಾಲ ಬಿರುಸಾಗಿ ಮುರಿಯುವುದನ್ನೂ, ಬಳಿಕ ತನ್ನ ಸತ್ತ್ವವನ್ನು ಮರಳಿ ಪಡೆಯುವುದನ್ನೂ ಪ್ರಕಟಿಸಿದ್ದನು. ವಿಚಿತ್ರವೆಂದರೆ, ಉಕ್ಕು ಹೆಚ್ಚು ಬಲಶಾಲಿಯಾದಷ್ಟೂ ಈ ದೋಷಕ್ಕೆ ಹೆಚ್ಚು ಈಡಾಗುತ್ತದೆ; ಸಾಧಾರಣ ಮೆದು ಉಕ್ಕು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. 2013ರ ಮಾರ್ಚಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ–ಓಕ್ಲೆಂಡ್ ಹೊಸ ಸೇತುವೆಯ 96 ಬಲವಾದ ಉಕ್ಕಿನ ಸರಳುಗಳನ್ನು ಬಿಗಿದ ಕೆಲವೇ ದಿನಗಳಲ್ಲಿ 32 ಮುರಿದವು. ಜಲಜನಕವೇ ಅದರ ಮೂಲವೆಂದು ತನಿಖೆಯಲ್ಲಿ ತಿಳಿದುಬಂದಿತು. ಬಿಗಿದ ಗಳಿಗೆಯಲ್ಲಿ ಅವು ನಿಂತೇ ಇದ್ದವು. ಮುರಿತ ತಡವಾಗಿ ಬಂದಿತು. ಈ ದೋಷದ ಭೀತಿ ಇರುವುದೇ ಅಲ್ಲಿ.

ಪರಿಹಾರವೂ ಉಂಟು. ಲೇಪ ಕೊಟ್ಟ ಉಕ್ಕನ್ನು ತಡಮಾಡದೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ಗಂಟೆ ಇಟ್ಟರೆ ಜಲಜನಕ ಬಹಳಷ್ಟು ಹೊರಹೋಗುತ್ತದೆ. ಶಿರಾದ ಹೆದ್ದಾರಿಯ ಬದಿಯಲ್ಲಿ ಬಲವಾದ ಉಕ್ಕಿಗೆ ಬೆಸುಗೆ ಹಾಕುವವನೂ, ಅದಕ್ಕೆಂದೇ ಇರುವ ವೆಲ್ಡಿಂಗ್ ಕಡ್ಡಿ ತೇವವಾಗಿದ್ದರೆ ಅದನ್ನು ಕಾಯಿಸಿ ಒಣಗಿಸಬೇಕು. ಲೋಹಶಾಸ್ತ್ರಜ್ಞರು ಮತ್ತೊಂದು ಉಪಾಯವನ್ನು ಕಂಡುಕೊಂಡಿದ್ದಾರೆ: ಉಕ್ಕಿನಲ್ಲಿ ವೆನೇಡಿಯಂ, ಟೈಟಾನಿಯಂಗಳ ಅತಿಸೂಕ್ಷ್ಮ ಕಾರ್ಬೈಡ್ ಕಣಗಳನ್ನು ಹರಡಿದರೆ ಅವು ಜಲಜನಕವನ್ನು ಹಿಡಿದು ಕಟ್ಟಿಹಾಕುತ್ತವೆ. ಅಂದರೆ ಸೆರೆಯಾಗಿ ಕದಲದೆ ಉಳಿದ ಜಲಜನಕದಿಂದ ಅಪಾಯ ಕಡಿಮೆ. ದುರ್ಬಲವಾದ ಎಡೆಯನ್ನು ಅರಸಿ ಅಲೆಯುವುದೇ ಕೇಡು.

ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಹಬ್ಬಿ 2019ರಲ್ಲಿ ಪೂರ್ಣಗೊಂಡ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವ್ಯಾಟ್. ಸೂರ್ಯಶಕ್ತಿಯಿಂದ ನೀರನ್ನು ಒಡೆದು ಜಲಜನಕವನ್ನು ಪಡೆಯಬಹುದು. ಅಂಥ ಹಸಿರು ಜಲಜನಕಕ್ಕಾಗಿ ಕೇಂದ್ರ ಸರ್ಕಾರ 2023ರಲ್ಲಿ ರಾಷ್ಟ್ರೀಯ ಯೋಜನೆಯೊಂದನ್ನು ಅಂಗೀಕರಿಸಿತು. ಅದನ್ನು ತುಂಬುವ, ಸಾಗಿಸುವ ಪಾತ್ರೆ, ಕೊಳವೆಗಳು ಬಹುಪಾಲು ಉಕ್ಕಿನವೇ. ಅವುಗಳ ಬಳಿ ದುಡಿಯುವವರು ಈ ನಾಲ್ಕು ತಾಲ್ಲೂಕುಗಳ ಶಾಲೆಗಳಿಂದ ಹೊರಬಂದ ಮಕ್ಕಳೇ ಆಗಬಹುದು. ಯಾವ ಉಕ್ಕು ಎಲ್ಲಿಗೆ ತಕ್ಕದ್ದೆಂಬ ಅರಿವು ಅಲ್ಲಿ ಪ್ರಾಣರಕ್ಷೆಯ ಪ್ರಶ್ನೆಯಾಗುತ್ತದೆ.

ಮೂಸೆಯೊಳಗೆ ಏನು ಸೇರಬೇಕೆಂಬುದನ್ನು ಚನ್ನರಾಯನದುರ್ಗದ ಕುಲುಮೆಯವರು ಕಣ್ಣಳತೆಯಿಂದ ಅರಿತಿದ್ದರು. ಏನು ಸೇರಬಾರದೆಂಬುದನ್ನು ಅರಿಯುವ ಹೊಣೆ ಅವರ ಮೊಮ್ಮಕ್ಕಳ ಕಾಲದ್ದು.