ಆರತಿಗೂ ಮುಂಚೆ

ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿ ಕಡೆ ಮಗಳು ಮೈನೆರೆದರೆ ಏನೇನು ಮಾಡಬೇಕು ಅಂತ ಮನೆಯವರಿಗೆ ಬಾಯಿಪಾಠ. ಆರತಿ, ಹಸಿರು ಬಳೆ, ಸೋದರಮಾವನ ಸೀರೆ, ಎಳ್ಳು-ಬೆಲ್ಲ ಕುಟ್ಟಿದ ಚಿಗಳಿ. ಎಲ್ಲಾ ಸರಿ, ಆದರೆ ಅದೆಲ್ಲ ಆದಮೇಲಿನ ಸಡಗರ. ಆಗೋಕೆ ಮುಂಚೆ ಆ ಹುಡುಗಿಗೆ ಯಾರಾದರೂ ಒಂದು ಮಾತು ಹೇಳಿರ್ತಾರಾ?

ಐದನೇ ಕ್ಲಾಸಿಗೇ ಹೇಳಿಬಿಡಿ. ಎದೆ ಮೂಡೋಕೆ ಶುರುವಾಗಿ ಸುಮಾರು 2 ವರ್ಷಕ್ಕೆ ಮುಟ್ಟು ಬರುತ್ತೆ. ಕೆಲವು ತಿಂಗಳು ಮುಂಚಿಂದ ಬಿಳಿ ಹೋಗೋದು ಸಹಜ. ಮೊದಲ ಸಲ ಬರೀ ಕಂದು ಕಲೆ ಕಾಣಬಹುದು. ರಕ್ತ ನೋಡಿ ಹೆದರ್ತಾರೆ ಪಾಪ. ಅಷ್ಟೂ ದಿನದ್ದು ಸೇರಿಸಿದರೂ ಸಾಮಾನ್ಯವಾಗಿ ಎರಡು-ಮೂರು ದೊಡ್ಡ ಚಮಚ ಅಷ್ಟೆ. ಮೊದಮೊದಲು ತಿಂಗಳು ತಪ್ಪೋದೂ ಇದ್ದದ್ದೇ. 15 ತುಂಬಿದರೂ ಆಗದಿದ್ದರೆ ಡಾಕ್ಟರಿಗೆ ತೋರಿಸಿ.

ಸ್ಕೂಲ್ ಬ್ಯಾಗಿನ ಒಳಜೇಬಲ್ಲಿ ಎರಡು ಪ್ಯಾಡ್, ಒಂದು ಒಳಚಡ್ಡಿ, ಸುತ್ತಿ ಬಿಸಾಡೋಕೆ ಹಳೇ ಪೇಪರ್ ಇಡಿ. ಗಮ್ ಇರೋ ಕಡೆ ಚಡ್ಡಿಗೆ ಅಂತ ಒಮ್ಮೆ ಅಂಟಿಸಿಯೇ ತೋರಿಸಿ. 4ರಿಂದ 6 ಗಂಟೆಗೊಮ್ಮೆ ಬದಲಿಸಬೇಕು. ಬಟ್ಟೆಯಾದರೆ ಸೋಪಲ್ಲಿ ಒಗೆದು, ಬಿಸಿಲಲ್ಲೇ ಒಣಗಿಸಿ; ಬಚ್ಚಲ ಮೂಲೆಯಲ್ಲಿ ಬಚ್ಚಿಡೋದು ಬೇಡ. ಸರ್ಕಾರದ ‘ಶುಚಿ’ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಪ್ಯಾಡ್ ಉಚಿತ. ಶಾಲೆಯಲ್ಲಿ, ಆಶಾ ಕಾರ್ಯಕರ್ತೆ ಅಕ್ಕನ ಹತ್ತಿರ ವಿಚಾರಿಸಿ.

ಇನ್ನೊಂದು, ಮುಟ್ಟಾದವಳನ್ನು ಬಲವಂತವಾಗಿ ಊರಾಚೆ ಇಡೋದು ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆ ಪ್ರಕಾರ ಅಪರಾಧ.

ಅಪ್ಪಂದಿರೇ, ನಿಮಗೂ ಒಂದು ಕೆಲಸ ಇದೆ. ತರೀಕೆರೆಗೆ ಹೋದಾಗ ಮೆಡಿಕಲ್ ಸ್ಟೋರಲ್ಲಿ ಒಂದು ಪ್ಯಾಕೆಟ್ ಪ್ಯಾಡ್ ತನ್ನಿ. ಕಪ್ಪು ಕವರ್ ಬೇಡ ಅನ್ನಿ.